ಹರಳಿನ ಮುಖಗೆರೆಗಳು ಮತ್ತು ಅವುಗಳ ಗಣಕ ಚಿತ್ರಣ

ಸಹಜವಾಗಿ ಬೆಳೆದ ಹರಳಿನ ಚಪ್ಪಟೆ ಮುಖಗಳ ಮೇಲೆ ಒಂದಕ್ಕೊಂದು ಸಮಾಂತರವಾಗಿ ಕಾಣುವ ಸಣ್ಣ ಏರುತಗ್ಗುಗಳ ಸಾಲಿಗೆ ಮುಖಗೆರೆ ಅಥವಾ ರೇಖಾವಳಿ ಎನ್ನಬಹುದು. ಪೈರೈಟ್, ಬೆಣಚು, ಟೂರ್ಮಲಿನ್, ಬೆರಿಲ್, ಟೋಪಾಜ್ ಮುಂತಾದ ಖನಿಜಗಳಲ್ಲಿ ಇವು ಬರಿಗಣ್ಣಿಗೇ ಕಾಣುತ್ತವೆ. ಇನ್ನು ಕೆಲವದರಲ್ಲಿ ಕೈಮಸೂರ ಬೇಕು, ಮತ್ತೆ ಕೆಲವದರಲ್ಲಿ ಸೂಕ್ಷ್ಮದರ್ಶಕವೇ ಬೇಕು. ಇವು ಉಜ್ಜಿದ್ದರಿಂದಲೋ ಗೀಚಿದ್ದರಿಂದಲೋ ಆದ ಗಾಯಗಳಲ್ಲ. ಹರಳು ಬೆಳೆಯುವಾಗ ಅದರ ಒಳಗಿನ ಪರಮಾಣುಗಳ ಜೋಡಣೆಯೇ ಈ ಗೆರೆಗಳು ಯಾವ ದಿಕ್ಕಿಗೆ ಓಡಬೇಕೆಂದು ಗೊತ್ತುಮಾಡುತ್ತದೆ. ಹಾಗಾಗಿ ಹರಳಿನ ಹೊರ ಆಕಾರ ಮುಚ್ಚಿಟ್ಟ ಸಂಗತಿಯನ್ನು ಗೆರೆಗಳು ಹೊರಹಾಕುತ್ತವೆ. ಗೆರೆ ಬಿಟ್ಟು ಬರೆದ ಪೈರೈಟ್ ಘನದ ಚಿತ್ರವನ್ನು ಅಪೂರ್ಣ ಎಂದಷ್ಟೇ ಹೇಳಿ ಸುಮ್ಮನಾಗುವಂತಿಲ್ಲ. ಅದು ತಪ್ಪು ಚಿತ್ರ. ಈ ಗೆರೆಗಳನ್ನು ಗಣಕದಲ್ಲಿ ಸರಿಯಾಗಿ ಬರೆಯುವ ವಿದ್ಯೆ ಹರಳು ವಿಜ್ಞಾನ, ಜ್ಯಾಮಿತಿ, ಚಿತ್ರಕಲೆ ಮೂರೂ ಕೂಡುವ ಜಾಗ.

ಬೆಂಗಳೂರಿನ ಉತ್ತರ ಭಾಗಕ್ಕೂ ಈ ವಿಷಯಕ್ಕೂ ನಂಟು ಹಳೆಯದು. ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆ ಆರಂಭವಾದದ್ದು 1909ರಲ್ಲಿ. ಸಿ. ವಿ. ರಾಮನ್ ಅಲ್ಲಿಗೆ ನಿರ್ದೇಶಕರಾಗಿ ಬಂದದ್ದು 1933ರಲ್ಲಿ. 1934ರಲ್ಲಿ ಅವರು ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. 1948ರಲ್ಲಿ ಮೇಖ್ರಿ ವೃತ್ತದ ಬಳಿ ರಾಮನ್ ಸಂಶೋಧನಾ ಸಂಸ್ಥೆ ತಲೆಯೆತ್ತಿತು. ರಾಮನ್ ಜೀವನವಿಡೀ ಕೂಡಿಸಿದ ಹರಳು, ಖನಿಜ, ರತ್ನಗಳ ಸಂಗ್ರಹ ಆ ಸಂಸ್ಥೆಯಲ್ಲಿದೆ. ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋದರೆ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸಿಗುತ್ತದೆ. ಕೆಲವೇ ಕಿಲೋಮೀಟರುಗಳ ಈ ಹರವಿನಲ್ಲಿ ಹರಳನ್ನು ಬೆಳೆಸುವವರು, ಅಳೆಯುವವರು, ಗಣಕದಲ್ಲಿ ಕಟ್ಟಿ ನೋಡುವವರು ಎಲ್ಲರೂ ಇದ್ದಾರೆ.

ಗೆರೆ ಮೂಡುವ ಬಗೆ: ಹರಳು ಪದರ ಪದರವಾಗಿ ಬೆಳೆಯುತ್ತದೆ. ಒಂದು ಪದರದ ಅಂಚು ಮುಖದ ಮೇಲೆ ಹರಿಯುತ್ತ ಹೋಗಿ ಮುಗಿಯುವ ಮೊದಲೇ ಮತ್ತೊಂದು ಪದರ ಅದರ ಮೇಲೆ ಶುರುವಾಗುತ್ತದೆ. ಅಂಚುಗಳು ಒತ್ತೊತ್ತಾಗಿ ಕೂಡಿಕೊಂಡಾಗ ಕಣ್ಣಿಗೆ ಕಾಣುವ ಮೆಟ್ಟಿಲು ಆಗುತ್ತದೆ. ಎರಡು ಬೇರೆ ಬೇರೆ ಮುಖಗಳು ಮೇಲುಗೈಗಾಗಿ ಪೈಪೋಟಿ ನಡೆಸಿ, ಒಮ್ಮೆ ಇದು ಒಮ್ಮೆ ಅದು ಎಂಬಂತೆ ಸರದಿಯಲ್ಲಿ ಬೆಳೆದರೆ ಆ ಮೆಟ್ಟಿಲುಗಳು ಎರಡೂ ಮುಖಗಳಿಗೆ ಸೇರಿದ ಅಂಚಿಗೆ ಸಮಾಂತರವಾಗಿ ಸಾಲುಗಟ್ಟುತ್ತವೆ. ಬಹುಪಾಲು ಮುಖಗೆರೆಗಳ ಮೂಲ ಇದೇ. 1955ರಲ್ಲಿ ಹಾರ್ಟ್‌ಮನ್ ಮತ್ತು ಪರ್ಡಾಕ್ ಇದಕ್ಕೆ ಒಂದು ಚೌಕಟ್ಟು ಕೊಟ್ಟರು. ಹರಳಿನೊಳಗೆ ಬಲವಾದ ಬಂಧಗಳ ಸರಪಳಿಗಳು ಕೆಲವು ದಿಕ್ಕುಗಳಲ್ಲಿ ಓಡುತ್ತವೆ. ಅಂಥ ಎರಡು ಅಥವಾ ಹೆಚ್ಚು ಸರಪಳಿ ದಿಕ್ಕುಗಳಿರುವ ಮುಖ ನುಣುಪಾಗಿ ಚಪ್ಪಟೆಯಾಗುತ್ತದೆ, ಒಂದೇ ಇರುವ ಮುಖ ಮೆಟ್ಟಿಲುಮೆಟ್ಟಿಲಾಗಿ ಗೆರೆ ತಳೆಯುತ್ತದೆ, ಒಂದೂ ಇಲ್ಲದ್ದು ಒರಟಾಗಿ ಉಳಿಯುತ್ತದೆ.

ಪದರಗಳು ಹುಟ್ಟುವುದಾದರೂ ಎಲ್ಲಿ ಎಂಬ ಪ್ರಶ್ನೆಗೆ 1949ರಲ್ಲಿ ಬ್ರಿಸ್ಟಲ್‌ನ ಫ್ರ್ಯಾಂಕ್ ಉತ್ತರ ಕೊಟ್ಟರು: ಹರಳಿನ ಜೋಡಣೆಯಲ್ಲಿ ತಿರುಪಿನಂಥ ದೋಷವೊಂದಿದ್ದರೆ ಮೆಟ್ಟಿಲು ಎಂದೂ ಮುಗಿಯದೆ ಸುರುಳಿಯಾಗಿ ಸುತ್ತುತ್ತಲೇ ಬೆಳೆಯುತ್ತದೆ. ಆ ಸುರುಳಿಗಳನ್ನು ಸಿಲಿಕಾನ್ ಕಾರ್ಬೈಡ್ ಹರಳುಗಳ ಮೇಲೆ ಕಣ್ಣಾರೆ ಕಂಡು ಅವುಗಳ ಎತ್ತರವನ್ನು ಅಳೆದವರಲ್ಲಿ ಭಾರತದ ಅಜಿತ್ ರಾಮ್ ವರ್ಮಾ ಮುಖ್ಯರು. ಲಂಡನ್ನಿನಲ್ಲಿ ಟೊಲಾನ್‌ಸ್ಕಿಯವರ ಜೊತೆ ಮಾಡಿದ ಆ ಕೆಲಸವನ್ನು ಅವರು 1953ರಲ್ಲಿ ಪುಸ್ತಕವಾಗಿ ತಂದರು.

ಬೆಳವಣಿಗೆಯಿಂದ ಬಾರದ ಗೆರೆಗಳೂ ಉಂಟು, ಅವನ್ನು ಬೇರ್ಪಡಿಸಿ ನೋಡಬೇಕು. ಬೆಂಗಳೂರಿನ ಅಡಿಪಾಯವಾದ ಪೆನಿನ್ಸುಲಾರ್ ನೈಸ್ ಬಂಡೆಯ ಬೂದುಬಿಳಿ ಭಾಗದಲ್ಲಿ ಪ್ಲಾಜಿಯೋಕ್ಲೇಸ್ ಎಂಬ ಫೆಲ್ಡ್‌ಸ್ಪಾರ್ ಧಾರಾಳವಾಗಿದೆ. ಯಲಹಂಕದ ಕಡೆ ಮನೆ ಕಟ್ಟಲು ಪಾಯ ತೆಗೆದಾಗ ಬಿದ್ದ ಹೊಸ ಚೂರನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಫಳ್ಳನೆ ಮಿಂಚುವ ಚಪ್ಪಟೆ ಸೀಳುಮೈ ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಅದರ ಮೇಲೆ ಕೂದಲಿನಷ್ಟು ತೆಳ್ಳಗಿನ ನೇರ ಗೆರೆಗಳು. ಒಂದೇ ಹರಳಿನ ತೆಳು ಹಾಳೆಗಳು ಒಂದು ಬಿಟ್ಟು ಒಂದರಂತೆ ತಿರುವುಮುರುವಾಗಿ ಕೂಡಿಕೊಂಡಿರುವುದರಿಂದ, ಅಂದರೆ ಅವಳಿ ಹರಳುಗಳ ಸಾಲಿನಿಂದ, ಆದ ಗೆರೆಗಳು ಇವು. ಪಕ್ಕದಲ್ಲೇ ಇರುವ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್‌ನ ಸೀಳುಮೈಯಲ್ಲಿ ಇಂಥ ಗೆರೆ ಇರುವುದಿಲ್ಲ. ಭೂವಿಜ್ಞಾನದ ವಿದ್ಯಾರ್ಥಿ ಎರಡನ್ನೂ ಬಂಡೆಯಿರುವ ಜಾಗದಲ್ಲೇ ಬೇರ್ಪಡಿಸುವುದು ಹೀಗೆ. ಚಿತ್ರ ಬರೆಯುವವರಿಗೂ ಈ ವ್ಯತ್ಯಾಸ ಮುಖ್ಯ: ಬೆಳವಣಿಗೆಯ ಗೆರೆ ಮುಖದ ಮೇಲ್ಮೈಗೆ ಮಾತ್ರ ಸೇರಿದ್ದು, ಅವಳಿಗೆರೆ ಹರಳಿನ ಒಳಗೂ ಹಾಯ್ದು ಹೋಗುತ್ತದೆ.

ಪೈರೈಟ್ ಎಂಬ ಪಾಠ: ಚಿತ್ರದುರ್ಗದ ಇಂಗಳದಾಳ್ ತಾಮ್ರದ ಅದಿರಿನಲ್ಲೂ ಹಟ್ಟಿ ಚಿನ್ನದ ಗಣಿಯ ಅದಿರಿನಲ್ಲೂ ಸಿಗುವ ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ ಹಳದಿ ಖನಿಜ. ಚೆನ್ನಾಗಿ ಬೆಳೆದಾಗ ಅಚ್ಚುಕಟ್ಟಾದ ಘನವಾಗುತ್ತದೆ. ಆರು ಮುಖಗಳ ಬರೀ ಘನಕ್ಕೆ 48 ಸಮಮಿತಿ ಕ್ರಿಯೆಗಳಿವೆ. ಎಂದರೆ ಅದನ್ನು 48 ಬಗೆಯಲ್ಲಿ ತಿರುಗಿಸಿ, ಪ್ರತಿಬಿಂಬಿಸಿ ಮತ್ತೆ ಅದೇ ನೆಲೆಗೆ ತರಬಹುದು. ಪೈರೈಟ್ ಘನದ ಪ್ರತಿ ಮುಖದ ಮೇಲೂ ಒಂದೇ ದಿಕ್ಕಿಗೆ ಗೆರೆಗಳಿವೆ, ಮತ್ತು ಒಂದು ಮೂಲೆಯಲ್ಲಿ ಕೂಡುವ ಮೂರು ಮುಖಗಳ ಗೆರೆಗಳು ಮೂರು ಬೇರೆ ದಿಕ್ಕಿಗೆ, ಒಂದಕ್ಕೊಂದು ಲಂಬವಾಗಿ ಓಡುತ್ತವೆ. ಈಗ ಮುಖದ ನಡುವೆ ಹಾಯುವ ಅಕ್ಷದ ಸುತ್ತ ಘನವನ್ನು 90 ಡಿಗ್ರಿ ತಿರುಗಿಸಿ ನೋಡಿ: ಆಕಾರ ಹೊಂದುತ್ತದೆ, ಗೆರೆ ಹೊಂದುವುದಿಲ್ಲ. 180 ಡಿಗ್ರಿ ತಿರುಗಿಸಿದರೆ ಮಾತ್ರ ಎರಡೂ ಹೊಂದುತ್ತವೆ. 48ರಲ್ಲಿ ಉಳಿಯುವುದು 24 ಮಾತ್ರ. ಪೈರೈಟ್‌ನ ನಿಜವಾದ ಸಮಮಿತಿ ಈ 24. ಎಕ್ಸ್ ಕಿರಣಗಳು ಹರಳಿನ ಒಳಗನ್ನು ತೋರಿಸುವ ಎಷ್ಟೋ ಮೊದಲೇ ಖನಿಜವಿಜ್ಞಾನಿಗಳು ಇದನ್ನು ಮುಖಗೆರೆಯಿಂದ ಓದಿಕೊಂಡಿದ್ದರು.

ಗೆರೆಯ ದಿಕ್ಕನ್ನು ಲೆಕ್ಕದಿಂದ ಪಡೆಯುವುದು ಸುಲಭ. ಮುಖಗಳಿಗೆ ಮಿಲ್ಲರ್ 1839ರಲ್ಲಿ ಬಳಕೆಗೆ ತಂದ ಮೂರು ಅಂಕೆಗಳ ಸೂಚಿ ಇರುತ್ತದೆ. ಪೈರೈಟ್‌ನಲ್ಲಿ ಘನದ (100) ಮುಖವೂ ಪಂಚಭುಜ ದ್ವಾದಶಮುಖಿಯ (210) ಮುಖವೂ ಸರದಿಯಲ್ಲಿ ಬೆಳೆಯುತ್ತವೆ. ಎರಡು ಸೂಚಿಗಳ ಸದಿಶ ಗುಣಲಬ್ಧ ತೆಗೆದರೆ ಎರಡೂ ಮುಖಗಳಲ್ಲಿ ಸಮನಾಗಿ ಇರುವ ದಿಕ್ಕು, ಅಂದರೆ ವಲಯಾಕ್ಷ, ಬರುತ್ತದೆ: ಇಲ್ಲಿ [001]. ಆದ್ದರಿಂದ (100) ಮುಖದ ಗೆರೆಗಳು ನಿಂತ ಗೆರೆಗಳು. ಪಕ್ಕದ (010) ಮುಖಕ್ಕೆ ಜೊತೆ (021). ಲೆಕ್ಕ ಹಾಕಿದರೆ ಸಿಗುವುದು [100]. ಮೇಲಿನ (001) ಮುಖಕ್ಕೆ ಜೊತೆ (102), ಸಿಗುವುದು [010]. ಮೂರು ಮುಖ, ಮೂರು ದಿಕ್ಕು, ಪರಸ್ಪರ ಲಂಬ. ಕೈಯಲ್ಲಿರುವ ಕಲ್ಲೂ ಇದನ್ನೇ ಹೇಳುತ್ತದೆ.

ಬೆಣಚಿನ ಆರು ಪಾರ್ಶ್ವಮುಖಗಳ ಮೇಲೆ ಗೆರೆ ಅಡ್ಡಡ್ಡವಾಗಿರುತ್ತದೆ. ಪಾರ್ಶ್ವಮುಖವೂ ತುದಿಯ ಓರೆಮುಖವೂ ಸರದಿಯಲ್ಲಿ ಬೆಳೆಯುವುದೇ ಕಾರಣ. ಟೂರ್ಮಲಿನ್‌ನಲ್ಲಿ ಎರಡು ಬಗೆಯ ಪಾರ್ಶ್ವಮುಖಗಳೇ ಪೈಪೋಟಿಗೆ ಇಳಿಯುವುದರಿಂದ ಗೆರೆ ಉದ್ದುದ್ದಕ್ಕೆ ಬರುತ್ತದೆ, ಎಷ್ಟು ಒತ್ತಾಗಿ ಎಂದರೆ ಹರಳಿನ ಅಡ್ಡಕೊಯ್ತ ಉಬ್ಬಿದ ತ್ರಿಕೋನದಂತಾಗುತ್ತದೆ. ಬೆಣಚನ್ನೂ ಬಣ್ಣಗೆಟ್ಟ ಟೂರ್ಮಲಿನ್ ಕಡ್ಡಿಯನ್ನೂ ಪ್ರಯೋಗಾಲಯವಿಲ್ಲದೆ ಗುರುತಿಸಲು ಇಷ್ಟು ಸಾಕು. ಮ್ಯಾಗ್ನೆಟೈಟ್‌ನ ದ್ವಾದಶಮುಖಿಯಲ್ಲಿ ಗೆರೆಗಳು ವಜ್ರಾಕೃತಿ ಮುಖದ ಉದ್ದನೆಯ ಕರ್ಣಕ್ಕೆ ಸಮಾಂತರ. ಕರ್ನಾಟಕದ ಹಳೆಯ ಮೈಸೂರು ಸೀಮೆಯಲ್ಲಿ ಸಿಗುವ ಕುರುಂದದ ಹರಳಿನ ತಳಮುಖದಲ್ಲಿ ಗೆರೆಗಳು ಮೂರು ದಿಕ್ಕಿಗೆ ಓಡಿ ತ್ರಿಕೋನಗಳ ಬಲೆ ಹೆಣೆಯುತ್ತವೆ.

ರಾಮನ್, ರಾಮಶೇಷನ್ ಮತ್ತು ಪನ್ನಾ ವಜ್ರಗಳು: ಹರಳಿನ ಮೈಯನ್ನು ಓದಿ ಒಳಗಿನ ಸಮಮಿತಿಯನ್ನು ಹೇಳುವ ಪ್ರಯತ್ನ ಬೆಂಗಳೂರಿನಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆದದ್ದು ವಜ್ರದ ವಿಷಯದಲ್ಲಿ. 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ರಾಮನ್ ಮತ್ತು ಅವರ ಶಿಷ್ಯರು ವಜ್ರದ ಹಿಂದೆ ಬಿದ್ದರು. ಜಿ. ಎನ್. ರಾಮಚಂದ್ರನ್ ಆಗ ಎಕ್ಸ್ ಕಿರಣದಿಂದ ವಜ್ರದ ತೆಳುಬಿಲ್ಲೆಗಳ ನಕ್ಷೆ ತೆಗೆಯುತ್ತಿದ್ದರು. ಎಸ್. ರಾಮಶೇಷನ್ ಇನ್ನೂ ಇಪ್ಪತ್ತು ದಾಟಿದ ಹುಡುಗ. ಮುಂದೆ 1981ರಿಂದ 1984ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾದವರು. ರಾಮನ್ ಮತ್ತು ರಾಮಶೇಷನ್ ಕೂಡಿ ವಜ್ರದ ಹರಳಾಕೃತಿಗಳ ಬಗ್ಗೆ ಬರೆದ ದೀರ್ಘ ಪ್ರಬಂಧ 1946ರಲ್ಲಿ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಮಧ್ಯಭಾರತದ ಪನ್ನಾದ ವಜ್ರಗಳೇ ಅದರ ಸಾಮಗ್ರಿ. ಅವುಗಳ ಮುಖಗಳು ಪಠ್ಯಪುಸ್ತಕದಲ್ಲಿ ಇರುವಂತೆ ಚಪ್ಪಟೆಯಲ್ಲ, ಉಬ್ಬಿ ಬಾಗಿವೆ. ಬಾಗಿದ ಎರಡು ಮುಖಗಳು ಕೂಡುವಲ್ಲಿ ಸ್ಪಷ್ಟವಾದ ಏಣುಗಳಿವೆ.

ವಾದ ಇದ್ದದ್ದು ಪೈರೈಟ್‌ನಲ್ಲಿ ಕಂಡ ಅದೇ ಎರಡು ಅಂಕೆಗಳ ನಡುವೆ: ವಜ್ರದ ಸಮಮಿತಿ 48ಓ 24ಓ? ಕೆಲವು ವಜ್ರಗಳದ್ದು ಪೂರ್ಣ ಸಮಮಿತಿ, ಕೆಲವದರದ್ದು ಚತುರ್ಮುಖಿಯ ಅರ್ಧ ಸಮಮಿತಿ ಎಂದು ರಾಮನ್ ಪಟ್ಟುಹಿಡಿದರು. ವಿಜ್ಞಾನಲೋಕ ಅದನ್ನು ಒಪ್ಪಲಿಲ್ಲ. ವಜ್ರಕ್ಕೆ 48 ಕ್ರಿಯೆಗಳ ಪೂರ್ಣ ಸಮಮಿತಿಯೇ ಇದೆ ಎಂಬುದು ಇಂದಿನ ತೀರ್ಮಾನ. ಬಾಗಿದ ಮುಖಗಳು ಭೂಮಿಯ ಆಳದಿಂದ ಮೇಲೆ ಬರುವಾಗ ವಜ್ರದ ಮೈ ಕರಗಿದ್ದರ ಗುರುತು ಎಂದು ತಿಳಿಯಲಾಗಿದೆ. ಅಷ್ಟಮುಖಿ ವಜ್ರದ ಮುಖದ ಮೇಲೆ ಕಾಣುವ ಪುಟ್ಟ ತ್ರಿಕೋನ ಕುಳಿಗಳೂ ಕರಗುವಿಕೆಯ ಫಲ. ಅವುಗಳ ತುದಿ ಮುಖದ ತ್ರಿಕೋನದ ತುದಿಗೆ ವಿರುದ್ಧ ದಿಕ್ಕಿಗೆ ಇರುತ್ತದೆ. ತೀರ್ಮಾನ ನಿಲ್ಲದಿದ್ದರೂ ಆ ಪ್ರಬಂಧದ ಬೆಲೆ ತಗ್ಗುವುದಿಲ್ಲ. ಹರಳಿನ ಮೈಯ ಪ್ರತಿಯೊಂದು ಏಣನ್ನೂ ಸಾಕ್ಷ್ಯವೆಂದು ಗೌರವಿಸಿ ನೋಡಿದ ಕೆಲಸ ಅದು, ಮತ್ತು ಬೆಳೆದದ್ದರ ಗುರುತನ್ನೂ ಕರಗಿದ್ದರ ಗುರುತನ್ನೂ ಬೇರ್ಪಡಿಸಬೇಕೆಂಬ ಎಚ್ಚರ ಅದರಿಂದ ಇನ್ನಷ್ಟು ಗಟ್ಟಿಯಾಯಿತು.

ಕೈಚಿತ್ರದಿಂದ ಗಣಕಕ್ಕೆ: 1669ರಲ್ಲಿ ಸ್ಟೆನೊ, ಬೆಣಚಿನ ಮುಖಗಳ ಗಾತ್ರ ಎಷ್ಟೇ ಏರುಪೇರಾದರೂ ಅವುಗಳ ನಡುವಿನ ಕೋನ ಬದಲಾಗದು ಎಂದು ಕಂಡುಕೊಂಡಾಗಿನಿಂದ ಹರಳಿನ ಚಿತ್ರ ಅಳತೆಯ ಚಿತ್ರವಾಯಿತು. 1809ರಲ್ಲಿ ವೊಲಾಸ್ಟನ್ನರ ಪ್ರತಿಫಲನ ಕೋನಮಾಪಕ ಬಂದ ಮೇಲೆ ಅಳತೆ ಇನ್ನಷ್ಟು ನಿಖರವಾಯಿತು. ಕೈಯಲ್ಲಿ ಬರೆಯುವವರಲ್ಲಿ ಹರಳನ್ನು ನಿಂತ ಅಕ್ಷದ ಸುತ್ತ 18 ಡಿಗ್ರಿ 26 ನಿಮಿಷ ತಿರುಗಿಸಿ, ಕಣ್ಣನ್ನು 9 ಡಿಗ್ರಿ 28 ನಿಮಿಷ ಮೇಲಕ್ಕೆ ಎತ್ತಿದಂತೆ ಬರೆಯುವ ವಾಡಿಕೆ ಬೆಳೆಯಿತು. ಮೊದಲನೆಯ ಕೋನದ ಸ್ಪರ್ಶಕ ಮೂರರಲ್ಲೊಂದು, ಎರಡನೆಯದರದ್ದು ಆರರಲ್ಲೊಂದು. ಅಳತೆಪಟ್ಟಿಯಲ್ಲೇ ಕೆಲಸ ಸಾಗಲಿ ಎಂದು ಆರಿಸಿಕೊಂಡ ಕೋನಗಳಿವು. ಆ ಪರಂಪರೆಯ ಶಿಖರ ವಿಕ್ಟರ್ ಗೋಲ್ಡ್‌ಶ್ಮಿಟ್ 1913ರಿಂದ 1923ರವರೆಗೆ ಹೊರತಂದ ಹರಳಾಕೃತಿಗಳ ಬೃಹತ್ ಅಟ್ಲಾಸ್.

ಗಣಕದ ಕಾಲದಲ್ಲಿ ಎರಿಕ್ ಡೌಟಿ 1980ರಲ್ಲಿ ಹರಳಿನ ಆಕಾರವನ್ನು ಲೆಕ್ಕಹಾಕಿ ಬರೆಯುವ ವಿಧಾನವನ್ನು ಅಮೆರಿಕನ್ ಮಿನರಲಾಜಿಸ್ಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಶೇಪ್ ತಂತ್ರಾಂಶ ಬಹುಕಾಲ ಖನಿಜವಿಜ್ಞಾನಿಗಳ ಮೇಜಿನ ಮೇಲಿತ್ತು. ವರ್ನರ್ ಕಮಿನ್‌ಸ್ಕಿಯವರ ವಿನ್‌ಎಕ್ಸ್‌ಮಾರ್ಫ್ 2005ರಲ್ಲಿ ಬಂತು. ಜಪಾನಿನ ಮೊಮ್ಮಾ ಮತ್ತು ಇಜುಮಿ ರೂಪಿಸಿದ ವೆಸ್ಟಾ, ಪರಮಾಣು ರಚನೆಯನ್ನೂ ಹೊರಮುಖಗಳನ್ನೂ ಒಟ್ಟಿಗೆ ತೋರಿಸಬಲ್ಲದು. ವಿದ್ಯಾರ್ಥಿಗಳಿಗೆ ಅದು ಉಚಿತವಾಗಿ ಸಿಗುತ್ತದೆ ಎಂಬುದು ದೊಡ್ಡ ಅನುಕೂಲ.

ತಂತ್ರಾಂಶ ಮಾಡುವ ಕೆಲಸ: ಮೊದಲು ಆಕಾರ. ಪ್ರತಿ ಮುಖವೂ ಹರಳಿನ ಕೇಂದ್ರದಿಂದ ಇಂತಿಷ್ಟು ದೂರದಲ್ಲಿರುವ ಸಮತಲ. ಎಲ್ಲ ಸಮತಲಗಳ ಒಳಬದಿಗೆ ಬರುವ ಜಾಗವೇ ಹರಳು. 1901ರಲ್ಲಿ ವುಲ್ಫ್ ಕೊಟ್ಟ ರಚನೆ ಇದಕ್ಕೆ ಅಡಿಗಲ್ಲು. ನಿಧಾನವಾಗಿ ಬೆಳೆಯುವ ಮುಖ ಕೇಂದ್ರಕ್ಕೆ ಹತ್ತಿರ, ಹಾಗಾಗಿ ದೊಡ್ಡದು. ಬೇಗ ಬೆಳೆಯುವ ಮುಖ ದೂರ ಸರಿದು ಕೊನೆಗೆ ಕಾಣೆಯಾಗುತ್ತದೆ. ಬಳಕೆದಾರರು ಒಂದು ಮುಖದ ಸೂಚಿ ಕೊಟ್ಟರೆ ಸಾಕು, ಸಮಮಿತಿ ಕ್ರಿಯೆಗಳನ್ನು ಪ್ರಯೋಗಿಸಿ ಉಳಿದ ಮುಖಗಳನ್ನು ತಂತ್ರಾಂಶವೇ ಹುಟ್ಟಿಸುತ್ತದೆ.

ಗೆರೆಯನ್ನೂ ಹೀಗೆಯೇ ಹುಟ್ಟಿಸಬೇಕು. ಒಂದು ಮುಖದ ಮೇಲಿನ ದಿಕ್ಕನ್ನು ವಲಯಾಕ್ಷದಿಂದ ಪಡೆದು, ಆ ಮುಖದೊಳಗೆ ದಿಕ್ಕಿಗೆ ಅಡ್ಡಲಾಗಿ ಅಂತರ ಬಿಟ್ಟು ಬಿಟ್ಟು ಗೆರೆ ಎಳೆದು, ಮುಖದ ಅಂಚಿನಾಚೆ ಚಾಚಿದ್ದನ್ನು ಕತ್ತರಿಸಬೇಕು. ಹರಳಿನ ಮುಖ ಯಾವಾಗಲೂ ಉಬ್ಬು ಬಹುಭುಜವಾದ್ದರಿಂದ 1978ರಲ್ಲಿ ಸೈರಸ್ ಮತ್ತು ಬೆಕ್ ಕೊಟ್ಟ ಕತ್ತರಿಸುವ ವಿಧಾನ ಇಲ್ಲಿ ಸಲೀಸಾಗಿ ನಡೆಯುತ್ತದೆ. ಆಮೇಲೆ ಅವೇ ಸಮಮಿತಿ ಕ್ರಿಯೆಗಳಿಂದ ಗೆರೆಗಳನ್ನು ಉಳಿದ ಮುಖಗಳಿಗೆ ಒಯ್ಯಬೇಕು. ಎಡವುವುದು ಇಲ್ಲಿಯೇ. ಪೈರೈಟ್ ಎಂದರೆ ಘನ, ಘನ ಎಂದರೆ 48 ಎಂದುಕೊಂಡು ಪೂರ್ಣ ಸಮಮಿತಿಯನ್ನು ಕೊಟ್ಟರೆ, 90 ಡಿಗ್ರಿ ತಿರುಗುವ ಕ್ರಿಯೆ ನಿಂತ ಗೆರೆಗಳ ಮೇಲೆಯೇ ಅಡ್ಡ ಗೆರೆಗಳನ್ನೂ ತಂದು ಹಾಕುತ್ತದೆ. ಪ್ರತಿ ಮುಖವೂ ಚೌಕುಳಿ ಆಗಿಬಿಡುತ್ತದೆ. ತೆರೆಯ ಮೇಲೆ ಚೌಕುಳಿ ಕಂಡರೆ ಕೊಟ್ಟ ಸಮಮಿತಿ ತಪ್ಪು ಎಂದೇ ಅರ್ಥ. 24ಕ್ಕೆ ಇಳಿಸಿದ ಕೂಡಲೇ ಗೆರೆಗಳು ತಮ್ಮ ತಮ್ಮ ದಿಕ್ಕಿಗೆ ಸರಿಹೋಗುತ್ತವೆ. ಸಮಮಿತಿಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಅಭ್ಯಾಸ ಇನ್ನೊಂದಿಲ್ಲ.

ಘನವಲ್ಲದ ಹರಳುಗಳಲ್ಲಿ ಇನ್ನೊಂದು ಹೆಜ್ಜೆ ಇದೆ. ಬೆಣಚಿನ ಏಕಮಾನ ಕೋಶದ, ಅಂದರೆ ಹರಳಿನೊಳಗೆ ಮತ್ತೆ ಮತ್ತೆ ಬರುವ ಮೂಲ ಘಟಕದ, ಅಡ್ಡ ಅಳತೆ 4.913 ಆಂಗ್‌ಸ್ಟ್ರಾಂ, ನಿಂತ ಅಳತೆ 5.405, ಅಡ್ಡ ಅಕ್ಷಗಳ ನಡುವೆ 120 ಡಿಗ್ರಿ. ವಲಯಾಕ್ಷದ ಅಂಕೆಗಳನ್ನು ಈ ಅಳತೆಗಳ ಮೂಲಕ ಸಾಮಾನ್ಯ ಲಂಬ ಅಕ್ಷಗಳಿಗೆ ಬದಲಾಯಿಸದೆ ನೇರವಾಗಿ ಬಳಸಿದರೆ ಗೆರೆಗಳು ಮುಖವನ್ನೇ ಬಿಟ್ಟು ಗಾಳಿಯಲ್ಲಿ ತೇಲುತ್ತವೆ.

ಲೆಕ್ಕ ಸರಿಯಾದ ಮೇಲೆ ಉಳಿಯುವುದು ಕಣ್ಣಿನ ಕೆಲಸ. ಸಮ ಅಂತರದ ಗೆರೆಗಳು ಹರಳಿನದ್ದೆಂದು ಅನ್ನಿಸುವುದಿಲ್ಲ. ನಿಜವಾದ ಪೈರೈಟ್‌ನಲ್ಲಿ ಕೆಲವು ಗೆರೆ ಒತ್ತಾಗಿ ಗುಂಪಾಗಿರುತ್ತವೆ, ಕೆಲವು ನಡುವೆಯೇ ನಿಂತುಹೋಗುತ್ತವೆ, ಕೆಲವು ದಪ್ಪ, ಕೆಲವು ಕಂಡೂ ಕಾಣದಷ್ಟು ತೆಳು. ದಿಕ್ಕನ್ನು ಕಟ್ಟುನಿಟ್ಟಾಗಿ ಇಟ್ಟು ಅಂತರ ಮತ್ತು ಉದ್ದವನ್ನು ಯಾದೃಚ್ಛಿಕ ಸಂಖ್ಯೆಗಳಿಗೆ ಬಿಟ್ಟರೆ ಚಿತ್ರಕ್ಕೆ ಜೀವ ಬರುತ್ತದೆ. ಅಚ್ಚಿಗೆ ಹೋಗುವ ಸಣ್ಣ ಚಿತ್ರದಲ್ಲಿ ಮುಖಕ್ಕೆ ಹತ್ತು ಹನ್ನೆರಡು ಗೆರೆ ಸಾಕು. ಹೆಚ್ಚಾದರೆ ಮಸಿ ಕೂಡಿಕೊಂಡು ಮುಖವೇ ಕಪ್ಪಾಗುತ್ತದೆ. ಹಿಂಬದಿಯ ಮುಖಗಳ ಅಂಚನ್ನು ಚುಕ್ಕಿಗೆರೆಯಲ್ಲಿ ತೋರಿಸಿದರೂ ಅವುಗಳ ಮೈಗೆರೆಯನ್ನು ಬಿಡುವುದೇ ಒಳ್ಳೆಯದು.

ಗೆರೆಯನ್ನು ಗೆರೆಯಾಗಿ ಎಳೆಯದೆ ಬೆಳಕುನೆರಳಿನಿಂದ ತೋರಿಸುವ ದಾರಿಯೂ ಇದೆ. ಜೇಮ್ಸ್ ಬ್ಲಿನ್ 1978ರಲ್ಲಿ ತೋರಿಸಿದ ತಂತ್ರದಲ್ಲಿ ಮುಖ ಚಪ್ಪಟೆಯಾಗಿಯೇ ಇರುತ್ತದೆ, ಆದರೆ ಬೆಳಕಿನ ಲೆಕ್ಕದಲ್ಲಿ ಅದರ ಲಂಬದಿಕ್ಕನ್ನು ಅಲ್ಲಲ್ಲಿ ಓಲಾಡಿಸಿ ಉಬ್ಬುತಗ್ಗಿನ ಭ್ರಮೆ ಹುಟ್ಟಿಸಲಾಗುತ್ತದೆ. ಬ್ಲೆಂಡರ್‌ನಂಥ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಬಹುದು. ಬೆಳಕು ಮುಖಕ್ಕೆ ತೀರ ಓರೆಯಾಗಿ ಬೀಳುವಂತಿದ್ದರೆ ಮಾತ್ರ ಗೆರೆ ಎದ್ದು ಕಾಣುತ್ತದೆ. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವ ಮಿಥಿಕ್ ಸೊಸೈಟಿಯವರು ಸವೆದ ಅಕ್ಷರಗಳನ್ನು ಓದುವುದೂ ಗಣಕದೊಳಗಿನ ಇಂಥ ಓರೆಬೆಳಕಿನಲ್ಲಿಯೇ. ಕಲ್ಲಿನ ಮೈಯ ಮೇಲಿನ ನವಿರಾದ ಗೆರೆಯನ್ನು ತೆರೆಗೆ ತರುವ ಕಷ್ಟ ಶಾಸನತಜ್ಞರಿಗೂ ಖನಿಜವಿಜ್ಞಾನಿಗೂ ಒಂದೇ.

ಮೆಟ್ಟಿಲುಗಳನ್ನು ನಿಜವಾದ ಪುಟ್ಟ ಮುಖಗಳಾಗಿಯೇ ಕಟ್ಟುವುದು ಮೂರನೆಯ ದಾರಿ. ಗಣಕಕ್ಕೆ ಹೊರೆ ಹೆಚ್ಚು, ಆದರೆ ಮೂರು ಆಯಾಮದ ಮುದ್ರಣಯಂತ್ರದಲ್ಲಿ ಮಾದರಿ ತೆಗೆಯುವುದಾದರೆ ಇದೇ ಬೇಕು. ಭ್ರಮೆಯ ಉಬ್ಬು ಬೆರಳಿಗೆ ಸಿಗುವುದಿಲ್ಲ. ದೃಷ್ಟಿ ಇಲ್ಲದ ವಿದ್ಯಾರ್ಥಿ ಸವರಿ ತಿಳಿಯಬಲ್ಲ ಪೈರೈಟ್ ಮಾದರಿ ಹೀಗೆ ಸಾಧ್ಯ.

ಬಳಕೆ: ಮುಖಗಳನ್ನು ಗುರುತಿಸುವ ಈ ವಿದ್ಯೆ ಖನಿಜ ಸಂಗ್ರಹಕಾರರ ಹವ್ಯಾಸವಷ್ಟೇ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೌತಮ್ ದೇಸಿರಾಜು ಮತ್ತು ಉಪದ್ರಷ್ಟ ರಾಮಮೂರ್ತಿ ಅವರ ಗುಂಪುಗಳು ಸಾವಯವ ಹರಳುಗಳ ಮುಖವನ್ನು ವಜ್ರದ ಸೂಜಿಮೊನೆಯಿಂದ ಒತ್ತಿ ಗಡಸುತನ ಅಳೆದಾಗ, ಒತ್ತುತ್ತಿರುವುದು ಯಾವ ಮುಖವನ್ನು ಎಂಬುದು ಮೊದಲು ಗೊತ್ತಿರಬೇಕಿತ್ತು. ಒಂದೇ ಹರಳು ಒಂದು ಮುಖದಲ್ಲಿ ಮೆತ್ತಗೆ, ಇನ್ನೊಂದರಲ್ಲಿ ಗಟ್ಟಿ. ಔಷಧ ಕಂಪನಿಗಳಿಗೂ ಈ ತಿಳಿವಳಿಕೆ ಬೇಕು, ಏಕೆಂದರೆ ಮಾತ್ರೆಯಾಗಿ ಒತ್ತುವ ಪುಡಿ ಎಂದರೆ ಪುಟ್ಟ ಹರಳುಗಳ ರಾಶಿಯೇ.

ನಮ್ಮ ಪದವಿ ತರಗತಿಗಳ ಕನ್ನಡ ಭೂವಿಜ್ಞಾನ ಪಾಠಗಳಿಗೆ ಹರಳಿನ ಚಿತ್ರ ಸಿದ್ಧಮಾಡುವವರು ಪೈರೈಟ್‌ಗೆ, ಬೆಣಚಿಗೆ, ಟೂರ್ಮಲಿನ್‌ಗೆ ಅವುಗಳ ಗೆರೆಗಳನ್ನು ತಪ್ಪದೆ ಹಾಕಬೇಕು. ಅದಕ್ಕೆ ಬೇಕಾದ ತಂತ್ರಾಂಶಕ್ಕೆ ಕಾಸು ಕೊಡಬೇಕಾಗಿಲ್ಲ, ಲೆಕ್ಕ ಪಿಯುಸಿಯ ಸದಿಶ ಗಣಿತವನ್ನು ಮೀರುವುದಿಲ್ಲ. ಅಧ್ಯಾಪಕರು ವಿದ್ಯಾರ್ಥಿಗಳ ಕೈಗೆ ಮೊದಲು ಕಲ್ಲನ್ನೂ ಮಸೂರವನ್ನೂ ಕೊಡಲಿ, ಗಣಕವನ್ನು ಆಮೇಲೆ ತೆರೆಯಲಿ.